ಸಣ್ಣ ಬ್ರೌಸರಿನ ವಾಚ್‌ಮನ್

ನನ್ನ ಕೆಲಸದ ಚೀಲದಲ್ಲಿ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದ ಸಾಮಾನು ಯಾವುದೆಂದು ಕೇಳಿದರೆ, ಸೈಕಲ್ ಪಂಪು ಎಂದು ಹೇಳುತ್ತೇನೆ. ಈಗ ಕಂಪ್ಯೂಟರ್ ರಿಪೇರಿಯ ಕೆಲಸಕ್ಕೆ ಬರುತ್ತಿರುವ ಹುಡುಗ ಹುಡುಗಿಯರು ಇದನ್ನು ಕೇಳಿ ನಗುತ್ತಾರೆ. ನಗಲಿ. ಸೊಲ್ಲಾಪುರದಲ್ಲಿ ಮಗ್ಗಗಳಿದ್ದ ಕಡೆಯೆಲ್ಲ ಗಾಳಿಯಲ್ಲಿ ಹತ್ತಿಯ ಎಳೆ ತೇಲುತ್ತಿತ್ತು. ಕಂಪ್ಯೂಟರಿನ ಫ್ಯಾನು ಅದನ್ನೆಲ್ಲ ಒಳಗೆ ಎಳೆದುಕೊಂಡು, ಹಾಸಿಗೆ ಮಾಡಿಕೊಂಡು ಮಲಗಿಬಿಡುತ್ತಿತ್ತು. ಡಬ್ಬಿ ಬಿಚ್ಚಿ ಪಂಪಿನಿಂದ ನಾಲ್ಕು ಸಲ ಗಾಳಿ ಹೊಡೆದರೆ ಅರ್ಧ ಊರಿನ ಕಂಪ್ಯೂಟರುಗಳು ಎದ್ದು ಕೂರುತ್ತಿದ್ದವು. ಮಂಗಳವೇಢೆಯ ಮಾರ್ಕೆಟ್ ಯಾರ್ಡಿಗೆ ಹೋದರೆ ಹತ್ತಿಯ ಬದಲು ಜೋಳದ ಹೊಟ್ಟು, ಅಷ್ಟೇ ವ್ಯತ್ಯಾಸ.

ತೊಂಬತ್ತರ ದಶಕದಲ್ಲಿ ಈ ಕೆಲಸಕ್ಕೆ ಹೆಣ್ಣುಮಕ್ಕಳು ಬರುತ್ತಿರಲಿಲ್ಲ. ನಾನು ಮೊಪೆಡ್ ನಿಲ್ಲಿಸಿ ಚೀಲ ಹಿಡಿದು ಒಳಗೆ ಹೋದರೆ ಜನ ನನ್ನ ಬೆನ್ನ ಹಿಂದೆ ಇಣುಕಿ ನೋಡುತ್ತಿದ್ದರು. "ಬರ್ರಿ ಬಾಯಿ, ಇಂಜಿನಿಯರ್ ಸಾಹೇಬ್ರು ಗಾಡಿ ಹಚ್ಚಾಕತ್ತಾರೇನು?" ಎಂದು ಕೇಳುವರು. "ಹಚ್ಚಿ ನಿಲ್ಲಿಸಿ ಬಂದಾರರಿ" ಎಂದು ಹೇಳಿ ನಾನು ಸ್ಕ್ರೂ ಬಿಚ್ಚಲು ಕೂರುತ್ತಿದ್ದೆ. ಡಬ್ಬಿ ಬಿಚ್ಚಿದ ಮೇಲೆ ಯಾರೂ ಏನೂ ಕೇಳುತ್ತಿರಲಿಲ್ಲ, ಚಹಾ ತರಿಸುತ್ತಿದ್ದರು.

ನಮ್ಮ ಸರ್ವಿಸ್ ಸೆಂಟರಿನ ಮುಖ್ಯಸ್ಥರು ಗೋಡಬೋಲೆ ಸಾಹೇಬರು. ಒಳ್ಳೆಯ ಮನುಷ್ಯ, ಆದರೆ ಅವರ ಔಷಧಿ ಪೆಟ್ಟಿಗೆಯಲ್ಲಿ ಇದ್ದದ್ದು ಒಂದೇ ಗುಳಿಗೆ. ಏನೇ ತೊಂದರೆ ಹೇಳಿದರೂ "ಫಾರ್ಮ್ಯಾಟ್ ಮಾರಾ, ಪುಢೇ ಚಲಾ" ಎಂದು ಮರಾಠಿಯಲ್ಲಿ ಹೇಳುವರು. ಇದ್ದದ್ದನ್ನೆಲ್ಲ ಅಳಿಸಿ ಹೊಸದಾಗಿ ಹಾಕಿ ಮುಂದಿನ ಗಿರಾಕಿಯ ಹತ್ತಿರ ನಡೆಯಿರಿ ಎಂದು ಅರ್ಥ. ಕಂಪ್ಯೂಟರು ಯಾಕೆ ಕೆಟ್ಟಿತು ಎಂದು ಕೂತು ಯೋಚಿಸುವುದು ಅವರ ದೃಷ್ಟಿಯಲ್ಲಿ ಸೋಮಾರಿತನ. ನನಗೋ ಕಾರಣ ತಿಳಿಯದಿದ್ದರೆ ಊಟ ಸೇರುತ್ತಿರಲಿಲ್ಲ. ಹೀಗಾಗಿ ನಮ್ಮಿಬ್ಬರಿಗೂ ದಿನಕ್ಕೊಮ್ಮೆಯಾದರೂ ಕಿರಿಕಿರಿ ಆಗುತ್ತಿತ್ತು. ಈಗ ನೆನೆಸಿಕೊಂಡರೆ ಆ ಕಿರಿಕಿರಿಯೂ ಬೇಕೆನಿಸುತ್ತದೆ.

ಇಂಟರ್ನೆಟ್ ಬಂದದ್ದು ಆ ದಶಕದ ಕೊನೆಯ ಭಾಗದಲ್ಲಿ. ಮೊದಮೊದಲು ಮೋಡೆಮ್ಮಿನಿಂದ ಪುಣೆಗೆ ಎಸ್‌ಟಿಡಿ ಹಚ್ಚಬೇಕಾಗಿತ್ತು. ಅದು ಕಿರ್ರ್ ಕೊರ್ರ್ ಎಂದು ಹಾಡಿ, ಲೈನು ಸಿಕ್ಕು, ಒಂದು ಚಿತ್ರ ಮೇಲಿನಿಂದ ಕೆಳಗೆ ಇಳಿಯುವಷ್ಟರಲ್ಲಿ ಒಬ್ಬರು ಸ್ನಾನ ಮುಗಿಸಿ ಬರಬಹುದಾಗಿತ್ತು. ಅಂಥ ಕಾಲದಲ್ಲಿ ಪುಣೆಯ ಗೆಳತಿಯೊಬ್ಬಳು ನನಗೆ ಒಂದು ಫ್ಲಾಪಿ ಕೊಟ್ಟಳು. ಅದರಲ್ಲಿ ಒಂದು ಬ್ರೌಸರ್. ಎಲ್ಲರ ಕಂಪ್ಯೂಟರಿನಲ್ಲೂ ಇರುತ್ತಿದ್ದ ದೊಡ್ಡ ಬ್ರೌಸರುಗಳ ಮುಂದೆ ಇದು ಕೂಸು, ಒಂದೇ ಫ್ಲಾಪಿಯಲ್ಲಿ ಹಿಡಿಯುತ್ತಿತ್ತು. ಆದರೆ ಒಂದು ಗುಂಡಿ ಒತ್ತಿದರೆ ಚಿತ್ರಗಳನ್ನೆಲ್ಲ ಬಿಟ್ಟು ಬರೀ ಅಕ್ಷರ ತರುತ್ತಿತ್ತು. ಹಳೆಯ ಬಡ ಕಂಪ್ಯೂಟರಿನಲ್ಲೂ ಓಡುತ್ತಿತ್ತು. ಆಗ ಅದರ ಹೆಸರನ್ನು ನಮ್ಮ ಕಡೆ ಯಾರೂ ಕೇಳಿರಲಿಲ್ಲ. ನಾನು ಅದನ್ನು ಸಣ್ಣ ಬ್ರೌಸರ್ ಎಂದು ಕರೆಯುತ್ತಿದ್ದೆ. ಗೋಡಬೋಲೆ ಸಾಹೇಬರು ನಿನ್ನ ದತ್ತಕದ ಕೂಸು ಎನ್ನುತ್ತಿದ್ದರು. ಹೋದಲ್ಲೆಲ್ಲ ನಾನು ಅದನ್ನೇ ಹಾಕಿ ಬರುತ್ತಿದ್ದೆ.

ಅದರ ಜೊತೆ ಇನ್ನೊಂದನ್ನು ಹಾಕಬೇಕಾಗುತ್ತಿತ್ತು. ಇಂಟರ್ನೆಟ್ಟಿನಿಂದ ವೈರಸ್ ಬರಬಾರದೆಂದು ಒಂದು ಕಾವಲಿನ ಸಾಫ್ಟ್‌ವೇರು. ಅದಕ್ಕೊಂದು ಬಾಲಂಗೋಚಿ ಇತ್ತು. ಆ ಬಾಲಂಗೋಚಿ ಬ್ರೌಸರಿನ ಬಾಗಿಲಲ್ಲಿ ನಿಂತು ಒಳಗೆ ಬರುವ ಪ್ರತಿಯೊಂದು ಫೈಲನ್ನೂ ತಡೆದು ತಪಾಸಣೆ ಮಾಡುತ್ತಿತ್ತು. ದೊಡ್ಡ ಬ್ರೌಸರುಗಳಿಗೆ ಅದು ತಾನಾಗಿಯೇ ಅಂಟಿಕೊಳ್ಳುತ್ತಿತ್ತು. ಸಣ್ಣದಕ್ಕೆ ನಾವೇ ಅದರ ಫೈಲನ್ನು ಹುಡುಕಿ ಸರಿಯಾದ ಫೋಲ್ಡರಿಗೆ ಕೈಯಾರೆ ಇಡಬೇಕಾಗಿತ್ತು. ಗಿರಾಕಿಗಳಿಗೆ ಇದನ್ನೆಲ್ಲ ವಿವರಿಸುತ್ತ ಕೂತರೆ ಸಂಜೆಯಾಗುತ್ತಿತ್ತು. "ಇದು ವಾಚ್‌ಮನ್ ಇದ್ದಂಗರಿ" ಎಂದುಬಿಡುತ್ತಿದ್ದೆ.

ಅಕ್ಕಲಕೋಟೆಯಲ್ಲಿ ಒಬ್ಬ ಲಾಡ್ಜ್ ಮಾಲೀಕರಿದ್ದರು. ಅವರಲ್ಲಿ ವಾಚ್‌ಮನ್ ಹಾಕಿ ಬಂದ ಮರುದಿನದಿಂದ ನನಗೆ ಫೋನಿನ ಸುರಿಮಳೆ. ಅದು ಪ್ರತಿಯೊಂದಕ್ಕೂ ಒಳಗೆ ಬಿಡಲೋ ಬೇಡವೋ ಎಂದು ಕೇಳುತ್ತಿತ್ತು. ಇವರು ಅದನ್ನು ನನಗೆ ಕೇಳುತ್ತಿದ್ದರು. "ಮ್ಯಾಡಮ್, ಯಾರೋ ಒಬ್ಬಾಂವ ಬಂದಾನ್ರಿ, ಬಿಡ್ಲ್ಯಾ ಬ್ಯಾಡಾ?" "ಹೆಸರೇನೈತಿ ಓದ್ರಿ." ಅವರು ಒಂದೊಂದೇ ಇಂಗ್ಲಿಷ್ ಅಕ್ಷರ ಓದುವರು. "ಬಿಡ್ರಿ" ಎಂದರೆ ಬಿಡುವರು. ಒಂದು ದಿನ ಬೇಸತ್ತು, "ನಿಮ್ಮ ಲಾಡ್ಜಿಗೆ ಬರವ್ರನ್ನ ಹಿಂಗ ಕೇಳಿ ಬಿಡ್ತೀರೇನ್ರಿ?" ಎಂದೆ. "ಇಲ್ರಿ, ಅವರ ಮಾರಿ ಕಾಣತದಲ್ರಿ" ಎಂದರು. ಮುಖ ಕಾಣದವನನ್ನು ಒಳಗೆ ಬಿಡುವುದು ಹೇಗೆ ಎಂಬುದು ಅವರ ಚಿಂತೆ.

ಆದರೆ ನಾನು ಬರೆಯಬೇಕೆಂದು ಕೂತದ್ದು ಅಕ್ಕಲಕೋಟೆ ರಸ್ತೆಯ ಟವೆಲ್ ಕಾರ್ಖಾನೆಯ ವಿಷಯ.

ಅಲ್ಲಿ ಆಫೀಸಿನಲ್ಲಿ ಇದ್ದದ್ದು ಇಬ್ಬರೇ. ಹಿರಿಯ ಗುಮಾಸ್ತರು ವಾಮನ ಕಾಕಾ. ಈಗಿನ ಶೇಠರ ತಂದೆಯ ಕಾಲದಿಂದ ಇದ್ದವರು. ಅಕ್ಕಲಕೋಟೆಯ ಮನೆಯಿಂದ ಮೊದಲ ಬಸ್ಸಿಗೆ ಬಂದು ಆಫೀಸಿನ ಬೀಗ ತೆಗೆಯುವವರು. ಇನ್ನೊಬ್ಬಳು ಮಹಾದೇವಿ, ಕಂಪ್ಯೂಟರ್ ಆಪರೇಟರ್. ಕುಂಭಾರಿಯವಳು, ಮೂವತ್ತರ ಆಸುಪಾಸು, ಎರಡು ಮಕ್ಕಳ ತಾಯಿ. ಗಂಡನ ಮನೆಯವರು ಕುರಿ ಸಾಕುವವರು, ಬೀರಪ್ಪನ ಒಕ್ಕಲು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಕಂಪ್ಯೂಟರಿನಲ್ಲಿ ಇಂಗ್ಲಿಷ್. ಮೂರನ್ನೂ ಬೆರೆಸಿ ಮಾತಾಡುತ್ತಿದ್ದಳು. ಆ ಮನೆತನದಲ್ಲಿ ಕುರ್ಚಿಯ ಮೇಲೆ ಕೂತು ದುಡಿದವಳು ಅವಳೊಬ್ಬಳೇ. ಬೆರಳು ಕೀಲಿಮಣೆಯ ಮೇಲೆ ಓಡುವಾಗ ಅವಳ ಮುಖದಲ್ಲಿ ಒಂದು ಗತ್ತು ಇರುತ್ತಿತ್ತು. ನನಗೆ ಅವಳ ಮೇಲೆ ಬಹಳ ಪ್ರೀತಿ.

ಪರದೇಶದ ಗಿರಾಕಿಗಳು ಟವೆಲಿನ ನಕ್ಷೆಯನ್ನು ಇಂಟರ್ನೆಟ್ಟಿನಲ್ಲಿ ಇಡುತ್ತಿದ್ದರು. ಮಹಾದೇವಿ ಅದನ್ನು ಸಣ್ಣ ಬ್ರೌಸರಿನಲ್ಲಿ ಇಳಿಸಿಕೊಂಡು ಮಗ್ಗದವರಿಗೆ ಕೊಡಬೇಕು. ಒಂದು ದಿನ ನಕ್ಷೆ ಇಳಿಯಲಿಲ್ಲ. ಬ್ರೌಸರ್ ತೆರೆದರೆ ಬರೀ ಬಿಳಿ ಹಾಳೆ. ತಪ್ಪು ಏನೆಂಬ ಒಂದು ಸಾಲು ಕೂಡ ಇಲ್ಲ. ಮರುದಿನ ನಾನು ಹೋಗಿ ತಲೆ ಕೆಡಿಸಿಕೊಂಡು, ಕೊನೆಗೆ ಗೋಡಬೋಲೆ ಸಾಹೇಬರ ಗುಳಿಗೆಯನ್ನೇ ಕೊಟ್ಟೆ. ಎಲ್ಲ ಅಳಿಸಿ ಹೊಸದಾಗಿ ಹಾಕಿದ ಮೇಲೆ ಸರಿಹೋಯಿತು. ಮುಂದಿನ ತಿಂಗಳು ಮತ್ತೆ ಬಿಳಿ ಹಾಳೆ. ಅದರ ಮುಂದಿನ ತಿಂಗಳೂ ಅದೇ.

ವಾಮನ ಕಾಕಾ ನನ್ನ ಪಕ್ಕದಲ್ಲಿ ನಿಂತು ಮೆಲ್ಲಗೆ ಹೇಳಿದರು. "ಸುನಂದಾ, ನೀ ಎಷ್ಟ ಬಿಚ್ಚಿ ಹಾಕಿದ್ರೂ ಇಷ್ಟ. ಇದು ಮಷೀನದ ದೋಷ ಅಲ್ಲ, ದಿನದ ದೋಷ."

ಹಿರಿಯರ ಮಾತು ಎಂದು ನಾನು ಹೂಂಗುಟ್ಟಿ ಸುಮ್ಮನಾದೆ. ಅವರು ನಿಜವಾಗಿ ಏನು ಹೇಳುತ್ತಿದ್ದಾರೆಂದು ಕೇಳುವ ವ್ಯವಧಾನ ನನಗಿರಲಿಲ್ಲ.

ಶೇಠರ ಲೆಕ್ಕಾಚಾರ ಬೇರೆ ಇತ್ತು. ಮಹಾದೇವಿ ತಿಂಗಳಿಗೆ ಒಂದು ದಿನ ದೇವರ ಕೆಲಸವೆಂದು ಹೇಳಿ ತಡವಾಗಿ ಬರುತ್ತಿದ್ದಳು. ಅವಳು ತಡವಾಗಿ ಬಂದ ದಿನವೇ ಕಂಪ್ಯೂಟರು ಕೆಡುತ್ತಿತ್ತು. ಹಿಂದಿನ ದಿನ ಅವಳು ಹೊರಗಿನ ಫ್ಲಾಪಿ ಹಾಕಿ ಏನೋ ಆಟ ಆಡುತ್ತಾಳೆ, ಮರುದಿನ ಮುಖ ತೋರಿಸಲು ಹೆದರಿ ತಡ ಮಾಡುತ್ತಾಳೆ ಎಂದು ಅವರು ತೀರ್ಮಾನಿಸಿದರು. ಅವಳನ್ನು ಕರೆದು, ಒಂದು ತಿಂಗಳು ಮನೆಯಲ್ಲಿರು ಎಂದರು. ನೀನಿಲ್ಲದೆ ಆ ತಿಂಗಳು ಕಂಪ್ಯೂಟರು ಸರಿಯಾಗಿ ನಡೆದರೆ ಬೇರೆಯವರನ್ನು ಇಟ್ಟುಕೊಳ್ಳುತ್ತೇನೆ ಎಂದೂ ಹೇಳಿದರು. ನನಗೆ ಮರಾಠಿಯಲ್ಲಿ, "ಮ್ಯಾಡಮ್, ಈ ತಿಂಗಳು ಮುಗಿದ ಮೇಲೆ ನಿಮ್ಮ ಆ ಸಣ್ಣ ಬ್ರೌಸರೂ ಹೋಗಲಿ, ಎಲ್ಲರದು ಯಾವುದಿದೆಯೋ ಅದನ್ನು ಹಾಕಿ" ಎಂದರು. ಗೋಡಬೋಲೆ ಸಾಹೇಬರು ಇದನ್ನು ಕೇಳಿ ಬಹಳ ಸಂತೋಷಪಟ್ಟರು.

ಬ್ರೌಸರು ಹೋದರೆ ನನಗೆ ಅವಮಾನ, ಅಷ್ಟೇ. ಮಹಾದೇವಿಗೆ ಹಾಗಲ್ಲ. ತಿಂಗಳು ಮುಗಿಯುತ್ತ ಬಂದಾಗ ಅವಳು ಒಂದು ಮಧ್ಯಾಹ್ನ ಬಸ್ಸು ಹಿಡಿದು ಸೊಲ್ಲಾಪುರಕ್ಕೆ ನಮ್ಮ ಸೆಂಟರಿಗೆ ಬಂದಳು. ಕೂರು ಎಂದರೆ ಕೂರಲಿಲ್ಲ.

"ಅಕ್ಕಾರ, ಮಷೀನ ಈ ತಿಂಗಳ ಛಲೋ ನಡದದಂತ. ಶೇಠ್ರು ಬ್ಯಾರೆ ಹುಡುಗಿನ್ನ ನೋಡ್ಯಾರಂತ. ನಾ ಏನ ಮಾಡೀನಿ ಅಂತ ನೀವರೆ ಹೇಳ್ರಿ. ತಪ್ಪ ಮಾಡಿದ್ರ ಒಪ್ಕೋತೀನಿ. ಏನಂತ ಗೊತ್ತಿಲ್ಲದ ಹ್ಯಾಂಗ ಒಪ್ಕೊಳ್ಳಲಿ?"

"ಹೊರಗಿನ ಫ್ಲಾಪಿ ಹಾಕಿದ್ದೇನು?"

"ಬೀರಪ್ಪನ ಆಣಿ, ಹಾಕಿಲ್ರಿ. ಮನ್ಯಾಗ ನಮ್ಮತ್ತಿ ದಿನಾ ಅಂತಾಳ, ಕುರಿ ಹಿಂದ ಹೋಗೂದ ಬಿಟ್ಟು ಕುರ್ಚಿ ಮ್ಯಾಲ ಕೂತಿ, ಕುರ್ಚಿನ ನಿನ್ನ ಕೆಳಗ ಕೆಡವಿತು ಅಂತ. ನನಗ ಅದನ್ನ ಕೇಳಾಕ ಆಗವಲ್ದು." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು.

"ತಡ ಆಗಿ ಬರೂ ದಿನ ಎಲ್ಲಿ ಹೋಗ್ತಿದ್ದಿ?" ಎಂದು ಕೇಳಿದೆ.

"ಬೀರಪ್ಪನ ಗುಡಿಗಿರಿ. ಎಣ್ಣಿ ಹಾಕಿ ಭಂಡಾರ ಹಚ್ಚಿಕೊಂಡು ಬರ್ತೀವ್ರಿ, ಮನಿ ಮಂದೆಲ್ಲಾ."

"ಯಾವ ದಿನಾ?"

"ಮತ್ತ್ಯಾವ ದಿನಾರಿ? ಅಮಾಸಿ ದಿನಾ. ಅದು ನಮ್ಮ ದೇವರ ದಿನಾ ಅಲ್ರಿ."

ಆಗ ನನಗೆ ವಾಮನ ಕಾಕಾ ಹೇಳಿದ ಮಾತು ತಟ್ಟನೆ ನೆನಪಾಯಿತು. ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದೆ. ಮರುದಿನವೇ ಅಮಾವಾಸ್ಯೆ.

ಬೆಳಗ್ಗೆ ಕಾಕಾ ಬೀಗ ತೆಗೆಯುವ ಹೊತ್ತಿಗೆ ನಾನು ಕಾರ್ಖಾನೆಯ ಬಾಗಿಲಲ್ಲಿದ್ದೆ. ಬಂದದ್ದು ಯಾಕೆಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಅವರು ಟೋಪಿ ತೆಗೆದು ಮೊಳೆಗೆ ಹಾಕಿದರು. ಗೋಡೆಯ ಮೇಲಿನ ದೇವರ ಪಟಕ್ಕೆ ಊದಿನಕಡ್ಡಿ ಹಚ್ಚಿದರು. ಅದೇ ಕಡ್ಡಿಯನ್ನು ಕಂಪ್ಯೂಟರಿಗೂ ಒಮ್ಮೆ ಬೆಳಗಿ, ಕುರ್ಚಿಯಲ್ಲಿ ಕೂತು ಅದನ್ನು ಚಾಲೂ ಮಾಡಿದರು. ಮೌಸನ್ನು ಎರಡೂ ಕೈಯಿಂದ ಹಿಡಿದುಕೊಂಡು, ಪರದೆಯ ಮೂಲೆಯ ಗಡಿಯಾರದ ಹತ್ತಿರ ಹೋಗಿ, ತಾರೀಖನ್ನು ಒಂದು ದಿನ ಹಿಂದಕ್ಕೆ ಹಾಕಿದರು.

ನಾನು ಮುಂದೆ ಬಾಗಿ ಪರದೆ ನೋಡಿದೆ. "ಕಾಕಾ, ಇದೇನ ಮಾಡಿದ್ರಿ?"

"ಇವತ್ತ ಅಮಾಸಿ ಅಲ್ಲೇನವಾ?" ಎಂದರು, ಅದರಲ್ಲಿ ಕೇಳುವುದೇನಿದೆ ಎನ್ನುವ ಹಾಗೆ.

ಆಮೇಲೆ ನಿಧಾನವಾಗಿ ಎಲ್ಲ ಹೇಳಿದರು. ದೊಡ್ಡ ಶೇಠರ ಕಾಲದಲ್ಲಿ ಒಂದು ಅಮಾವಾಸ್ಯೆಯ ದಿನ ಅವಸರದ ಮಾಲು ಹೋಗಬೇಕಾಗಿತ್ತು. ಕಾಕಾ ಬಿಲ್ಲು ಬರೆದು ಲಾರಿ ಕಳಿಸಿದರು. ದಾರಿಯಲ್ಲಿ ಲಾರಿಗೆ ಬೆಂಕಿ ಹತ್ತಿ ಮಾಲು ಸುಟ್ಟಿತು, ಡ್ರೈವರೂ ಉಳಿಯಲಿಲ್ಲ. "ಆ ಬಿಲ್ಲ ಈ ಕೈಲೇ ಬರದಿದ್ದೆ ನೋಡು" ಎಂದು ಬಲಗೈ ತೋರಿಸಿದರು. ಅಂದಿನಿಂದ ಅವರು ಅಮಾವಾಸ್ಯೆಯ ತಾರೀಖನ್ನು ಯಾವ ಕಾಗದದ ಮೇಲೂ ಬರೆದಿಲ್ಲ. ಹಿಂದಿನ ದಿನದ್ದನ್ನು ಹಾಕುತ್ತಿದ್ದರು. ಮೊದಲ ಕಂಪ್ಯೂಟರು ಬಂದಾಗಲೂ ತೊಂದರೆಯಾಗಲಿಲ್ಲ. ಆಗಿನ ಹಳೆಯ ಕಂಪ್ಯೂಟರುಗಳು ದಿನಾ ಬೆಳಗ್ಗೆ ಇಂದಿನ ತಾರೀಖು ಎಷ್ಟು ಎಂದು ನಮ್ಮನ್ನೇ ಕೇಳುತ್ತಿದ್ದವು. ಕಾಕಾ ಅಮಾವಾಸ್ಯೆಯ ದಿನ ನಿನ್ನೆಯದನ್ನು ಹೇಳುತ್ತಿದ್ದರು, ಅದು ನಂಬುತ್ತಿತ್ತು. ಹೊಸ ಕಂಪ್ಯೂಟರು ಕೇಳುವುದನ್ನು ಬಿಟ್ಟಿತು. ಇವರು ಕೇಳದಿದ್ದರೂ ಹೇಳುವುದನ್ನು ಕಲಿತರು. ಮರುದಿನ ಬೆಳಗ್ಗೆ ಯಾರೂ ಬರುವ ಮೊದಲೇ ಬಂದು ಸರಿ ಮಾಡಿಡುತ್ತಿದ್ದರು. ಇದರಲ್ಲಿ ಮುಚ್ಚುಮರೆ ಏನೂ ಇರಲಿಲ್ಲ. ಯಾರೂ ಕೇಳಿರಲಿಲ್ಲ, ಅಷ್ಟೇ.

"ಈಗ ಬ್ರೌಸರ್ ತೆಗೀರಿ ಕಾಕಾ" ಎಂದೆ. ತೆಗೆದರು. ಬಿಳಿ ಹಾಳೆ.

"ನೋಡು, ನೋಡು" ಎಂದರು ಕಾಕಾ, ಗೆದ್ದವರ ಧ್ವನಿಯಲ್ಲಿ. "ಪ್ರತಿ ಅಮಾಸಿಗೂ ಹಿಂಗ ಮಾಡತದ. ನಾ ಹೇಳಿದ್ದೆ ಇಲ್ಲೋ, ದಿನದ ದೋಷ ಅಂತ?"

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವರ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂತು ವಿವರಿಸಿದೆ. ವಾಚ್‌ಮನ್ ಸಾಫ್ಟ್‌ವೇರನ್ನು ವರ್ಷಕ್ಕೆಂದು ಕೊಂಡಿರುತ್ತೇವೆ. ಕೆಲವು ಜಾಣರು ಗಡಿಯಾರವನ್ನು ಹಿಂದೆ ಹಿಂದೆ ತಿರುಗಿಸಿ ಆ ವರ್ಷ ಮುಗಿಯದ ಹಾಗೆ ಮಾಡುತ್ತಾರೆ. ಅದಕ್ಕೇ ಅದನ್ನು ಮಾಡಿದವರು, ತಾರೀಖು ಹಿಂದೆ ಹೋಯಿತೆಂದರೆ ಕಳ್ಳತನವೆಂದು ತಿಳಿದು ಬಾಗಿಲು ಹಾಕು ಎಂದು ಕಲಿಸಿಟ್ಟಿದ್ದಾರೆ. ಒಮ್ಮೆ ಹಾಕಿದರೆ ಮತ್ತೆ ಹೊಸದಾಗಿ ಕೂರಿಸುವವರೆಗೂ ತೆಗೆಯುವುದಿಲ್ಲ. ದೊಡ್ಡ ಬ್ರೌಸರಿನಲ್ಲಾದರೆ ಬಾಗಿಲು ಹಾಕಿದ್ದೇನೆ ಎಂದು ಒಂದು ಮಾತು ಬರೆದು ತೋರಿಸುತ್ತಿತ್ತು. ಸಣ್ಣದಕ್ಕೆ ನಾನು ಕೈಯಾರೆ ಅಂಟಿಸಿದ್ದರಿಂದ ಆ ಮಾತು ಹೊರಗೆ ಬರುತ್ತಿರಲಿಲ್ಲ. ಬಾಗಿಲು ಮಾತ್ರ ಬೀಳುತ್ತಿತ್ತು.

ಕಾಕಾ ಮೌಸಿನಿಂದ ಕೈ ತೆಗೆದರು. "ಅಂದ್ರ, ಇದನ್ನ ಕೆಡಿಸಿದಾಂವ ನಾನು."

"ಕೆಡಿಸಿಲ್ಲ ಕಾಕಾ."

"ಮಹಾದೇವಿ ಮನ್ಯಾಗ ಕೂತದ್ದು ನನ್ನ ಸಲುವಾಗಿ."

ಕಾಕಾ ಎದ್ದು ಮೊಳೆಯಿಂದ ಟೋಪಿ ತೆಗೆದು ಹಾಕಿಕೊಂಡರು. "ನಡಿ, ಕುಂಭಾರಿಗೆ ಹೋಗೂಣು."

ನಾನು ಬೆರಗಾದೆ. ಅಮಾವಾಸ್ಯೆಯ ದಿನ ಈ ಮನುಷ್ಯ ಹೊಸ ಬೆಂಕಿಪೆಟ್ಟಿಗೆಯನ್ನೂ ಒಡೆಯುತ್ತಿರಲಿಲ್ಲ. ಮನೆ ಮತ್ತು ಆಫೀಸು ಬಿಟ್ಟರೆ ಬೇರೆ ಕಡೆ ಕಾಲಿಡುತ್ತಿರಲಿಲ್ಲ. "ನಾಳಿ ಮುಂಜಾನೆ ಹೋಗೂಣಂತ ಕಾಕಾ, ಇವತ್ತ ಶೇಠರಿಗೆ ಹೇಳಿದ್ರ ಸಾಕು" ಎಂದೆ.

"ನಾಳಿ ಹೊಸಾ ಹುಡುಗಿ ಬರತಾಳ ಅಂತ ಶೇಠ ಹೇಳ್ಯಾರ. ಮತ್ತ ಆ ಮಗಳು ಇನ್ನೊಂದಿನ ಯಾಕ ಅನ್ನಿಸಿಕೋಬೇಕು? ನಡಿ ನೀ."

ಹೀಗೆ ವಾಮನ ಕಾಕಾ ಒಂದು ಕೈಯಿಂದ ಧೋತರ, ಇನ್ನೊಂದರಿಂದ ಟೋಪಿ ಹಿಡಿದುಕೊಂಡು ನನ್ನ ಮೊಪೆಡ್ಡಿನ ಹಿಂದೆ ಅಡ್ಡ ಕೂತರು. ದಾರಿಯುದ್ದಕ್ಕೂ ಏನೋ ಸ್ತೋತ್ರ ಹೇಳುತ್ತಲೇ ಇದ್ದರು. ಎದುರಿಗೆ ಲಾರಿ ಬಂದಾಗೆಲ್ಲ ಅವರ ಧ್ವನಿ ಏರುತ್ತಿತ್ತು.

ಬೀರಪ್ಪನ ಗುಡಿ ಊರ ಹೊರಗೆ, ಹೊಲದ ಅಂಚಿನಲ್ಲಿತ್ತು. ಎಲ್ಲರ ಹಣೆಯಲ್ಲೂ ಹಳದಿ ಭಂಡಾರ. ಮಹಾದೇವಿ ಅತ್ತೆಯ ಹಿಂದೆ ಎಣ್ಣೆಯ ತಂಬಿಗೆ ಹಿಡಿದು ನಿಂತಿದ್ದಳು. ನಮ್ಮನ್ನು ಕಂಡು ಅವಳ ಮುಖ ಬಿಳಿಚಿಕೊಂಡಿತು. ಮತ್ತೇನೋ ಕೆಟ್ಟ ಸುದ್ದಿ ಎಂದುಕೊಂಡಳೋ ಏನೋ.

ಕಾಕಾ ಚಪ್ಪಲಿ ಬಿಟ್ಟು ನೇರವಾಗಿ ಅವಳ ಅತ್ತೆಯ ಮುಂದೆ ಹೋಗಿ ಕೈಮುಗಿದರು. "ತಾಯಿ, ನಿನ್ನ ಸೊಸೀದು ಏನೂ ತಪ್ಪಿಲ್ಲ. ತಪ್ಪ ನಂದು. ಆಕೀನ್ನ ಕಳಸು, ಕರಕೊಂಡ ಹೋಗಾಕ ಬಂದೀನಿ."

ಮುದುಕಿ ಅವರನ್ನು ಮೇಲಿನಿಂದ ಕೆಳಗೆ ನೋಡಿದಳು. "ಅಮಾಸಿ ದಿನಾ ಬಂದೀರಿ. ದೊಡ್ಡ ದಿನಾ. ಬರೇ ಹಣೀಲೆ ಹೋಗಬ್ಯಾಡ್ರಿ" ಎಂದು ಹೇಳಿ, ಕಾಕಾ ಏನಾದರೂ ಹೇಳುವ ಮೊದಲೇ ಹಣೆಯ ತುಂಬ ಭಂಡಾರ ಬಳಿದಳು. ಆಮೇಲೆ ಸೊಸೆಯ ಕೈಯಿಂದ ತಂಬಿಗೆ ಇಸಿದುಕೊಂಡಳು. "ಹೋಗು. ಉಳದದ್ದು ನಾ ಮಾಡ್ತೀನಿ."

ಮಹಾದೇವಿ ಗಂಡನ ಸೈಕಲ್ಲಿನ ಮೇಲೆ ನಮ್ಮ ಹಿಂದೆಯೇ ಬಂದಳು. ಆಫೀಸಿನಲ್ಲಿ ಶೇಠರು ಬಂದು ಕೂತಿದ್ದರು. ಹಣೆಯಲ್ಲಿ ಭಂಡಾರ ಹೊತ್ತು ಒಳಗೆ ಬಂದ ಕಾಕಾನನ್ನು ಕಂಡು ಅವರ ಕೈಯ ಚಹಾ ಬಸಿ ಅಲ್ಲಿಯೇ ನಿಂತಿತು. ಕಾಕಾ ನಿಂತುಕೊಂಡೇ ಎಲ್ಲ ಹೇಳಿದರು. ಒಂದು ಮಾತನ್ನೂ ತಮಗೆ ಅನುಕೂಲವಾಗುವ ಹಾಗೆ ತಿರುಚಲಿಲ್ಲ. ನಾಳೆಯಿಂದ ನಾನು ಬರದಿದ್ದರೂ ಸರಿ, ಈಕೆ ಬರಬೇಕು ಎಂದರು. ಶೇಠರು ಚಹಾ ಬಸಿ ಕೆಳಗಿಟ್ಟರು. ತಂದೆಯ ಕಾಲದ ಆ ಲಾರಿಯ ವಿಷಯ ಅವರಿಗೂ ಗೊತ್ತಿತ್ತು. ಕೊನೆಗೆ ಮಹಾದೇವಿಯ ಕಡೆ ತಿರುಗಿ, ಮೊದಲ ಸಲ ಅವಳಿಗೆ ಕನ್ನಡದಲ್ಲಿ ಮಾತಾಡಿದರು. "ತಾಯಿ, ಚೂಕ್ ಆತು, ತಪ್ಪ ನಂದು. ಕೂಡು ಕುರ್ಚಿ ಮ್ಯಾಲ. ಇವತ್ತ ಮಾಲ ಹೋಗೂದದ."

ನಾನು ವಾಚ್‌ಮನ್ನನನ್ನು ತೆಗೆದು ಮತ್ತೆ ಕೂರಿಸಿದೆ. ಬಿಳಿ ಹಾಳೆಯ ಮೇಲೆ ಅಕ್ಷರಗಳು ಮೂಡಿದವು. ನನ್ನ ಸಣ್ಣ ಬ್ರೌಸರು ಉಳಿಯಿತು. ಮುಂದೆ ಕೆಲವು ವರ್ಷಗಳಲ್ಲಿ ಅದನ್ನು ಕೇಳುವವರೇ ಇಲ್ಲವಾದರು, ಅಷ್ಟು ವೇಗದ ಲೈನುಗಳು ಬಂದವು. ಆದರೆ ಅದನ್ನು ನೆನೆದರೆ ಈಗಲೂ ಎದೆ ತುಂಬಿ ಬರುತ್ತದೆ. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ನಾನು ಹೇಳುವುದು ಇಷ್ಟೇ. ಡಬ್ಬಿ ಬಿಚ್ಚುವ ಮೊದಲು, ಬೆಳಗ್ಗೆ ಅದರ ಮುಂದೆ ಯಾರು ಕೂರುತ್ತಾರೆ, ಏನು ಮಾಡುತ್ತಾರೆ ಎಂದು ಕೂತು ನೋಡಿ.

ಅಂದು ಮಧ್ಯಾಹ್ನ ಲಾರಿ ಅಂಗಳಕ್ಕೆ ಬಂದು ನಿಂತಿತು. ಡ್ರೈವರ್ ಎಂಜಿನ್ ಬಂದ್ ಮಾಡದೆ ಕಾಯುತ್ತಿದ್ದ. ಮಹಾದೇವಿ ಬಿಲ್ಲು ತೆಗೆಯಲು ಕೂತಳು. ಪರದೆಯ ಮೂಲೆಯಲ್ಲಿ ನಿನ್ನೆಯ ತಾರೀಖೇ ಇತ್ತು. ಅವಳು ಅದನ್ನು ನೋಡಿ, ಮುಟ್ಟದೆ, ಹಿಂದೆ ತಿರುಗಿ ಕಾಕಾನ ಮುಖ ನೋಡಿದಳು.

"ಹಂಗ ಇರ್ಲ್ಯಾ ಕಾಕಾ?"

ಕಾಕಾ ಕಿಟಕಿಯಿಂದ ಡ್ರೈವರನನ್ನು ನೋಡುತ್ತಿದ್ದರು. ಅವನಿನ್ನೂ ಸಣ್ಣ ವಯಸ್ಸಿನವನು. ಕಾಕಾನ ಬಲಗೈ ಅವಳ ಕುರ್ಚಿಯ ಹಿಂಬದಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿತು.

"ಇವತ್ತಿನ ತಾರೀಖ ಹಾಕವಾ" ಎಂದರು.

ಮಹಾದೇವಿ ತಾರೀಖು ಸರಿ ಮಾಡಿದಳು. ಪ್ರಿಂಟರ್ ನಿಲ್ಲುವವರೆಗೂ ಕಾಕಾ ಕಣ್ಣು ತೆರೆಯಲಿಲ್ಲ. ಆಮೇಲೆ ಬಿಲ್ಲನ್ನು ತಾವೇ ಹರಿದುಕೊಂಡು ಅಂಗಳಕ್ಕೆ ಹೋದರು. ಅದನ್ನು ಡ್ರೈವರನ ಕೈಗೆ ಕೊಟ್ಟು, ತಮ್ಮ ಹಣೆಯ ಭಂಡಾರವನ್ನು ಬೆರಳಿನಿಂದ ತೆಗೆದು ಅವನ ಹಣೆಗೆ ಹಚ್ಚಿದರು.